ಹೊತ್ತು ಹುಟ್ಟುವ ಮೊದಲಿನ ತಾರೀಖು

ಆ ತಾರೀಖು ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೆ ಇನ್ನಷ್ಟು ಮರ್ಯಾದೆ ಕೊಟ್ಟಂತಾಗುತ್ತದೆ, ಈಗಾಗಲೇ ಸಿಕ್ಕಿರುವುದೇ ಅತಿಯಾಗಿದೆ. ಚಳಿಗಾಲದ ಒಂದು ದಿನ, ಎರೆಹೊಲದಲ್ಲಿ ಕಡಲೆ ಕಾಯಿ ಕಟ್ಟುವ ಕಾಲ ಎಂದರೆ ಸಾಕು. ಲಕ್ಷ್ಮೇಶ್ವರದ ನನ್ನ ತವರಿನಲ್ಲಿ ಅದಕ್ಕೆ ತಿಂಗಳೂ ಇಲ್ಲ, ಅಂಕಿಯೂ ಇಲ್ಲ. ‘ಅಪ್ಪನ ದಿನ’ ಅಂದರೆ ಮುಗಿಯಿತು. ಅಪ್ಪ ತೀರಿಕೊಂಡ ದಿನ ಅದು. ನಾನು ಹುಟ್ಟಿದ್ದೂ ಅದೇ ತಾರೀಖಿಗೆ. ನಾನು ಹುಟ್ಟಿದ್ದು ಮೊದಲು, ಅಪ್ಪ ಹೋದದ್ದು ನನಗೆ ಮೂವತ್ತು ದಾಟಿದ ಮೇಲೆ. ಸರದಿ ನೋಡಿದರೂ ಆ ದಿನ ನನ್ನದೇ ಆಗಬೇಕಿತ್ತು. ಆದರೆ ಹುಟ್ಟು ಸಾವು ಎರಡೂ ಒಂದೇ ದಿನಕ್ಕೆ ಬಂದು ಕೂತರೆ ಸತ್ತವರ ಕೈಯೇ ಮೇಲಾಗುತ್ತದೆ. ಅವರ ಜೊತೆ ಜಗಳ ಆಡಲು ಬರುವುದಿಲ್ಲ.

ನಮ್ಮಲ್ಲಿ ತಿಥಿ ನೋಡಿ ಶ್ರಾದ್ಧ ಮಾಡುವ ಪದ್ಧತಿ ಇಲ್ಲ. ವರ್ಷಕ್ಕೊಮ್ಮೆ ತಾರೀಖು ಹಿಡಿದು ಹೊಲದಲ್ಲಿ ಅಪ್ಪನನ್ನು ಮಣ್ಣು ಮಾಡಿದ ಗದ್ದಿಗೆಗೆ ಪೂಜೆ, ಮನೆಯಲ್ಲಿ ಫೋಟೋಕ್ಕೆ ಹಾರ, ಬಂದವರಿಗೆಲ್ಲ ಗೋಧಿ ಹುಗ್ಗಿಯ ಊಟ. ತಿಥಿ ನೋಡುವ ಮನೆಯಾಗಿದ್ದರೆ ಅದು ಪ್ರತಿ ವರ್ಷ ಆಚೆ ಈಚೆ ಸರಿದು ನನ್ನ ದಿನವನ್ನು ನನಗೆ ಬಿಟ್ಟುಕೊಡುತ್ತಿತ್ತು. ಒಮ್ಮೆ ಅಣ್ಣನಿಗೆ ಇದನ್ನು ಹೇಳಿಯೂ ನೋಡಿದೆ.

“ಅದು ನಮ್ಮಂದಿ ಪದ್ಧತಿ ಅಲ್ಲವಾ ತಂಗಿ” ಅಂದ. “ತಾರೀಖು ಅಂದ್ರ ಎಲ್ಲಾರಿಗೂ ನೆನಪಿರತೈತಿ. ನಿನಗಂತೂ ಮರಿಯಾಕ ಸಾಧ್ಯನ ಇಲ್ಲ. ನೀ ಹುಟ್ಟಿದ ದಿನಾನ ಐತಲ್ಲ.”

ನನ್ನ ಹುಟ್ಟಿದ ದಿನದಿಂದ ಆದ ಪ್ರಯೋಜನ ಅಷ್ಟು, ಅಪ್ಪ ಸತ್ತ ದಿನವನ್ನು ನೆನಪಿಡಲು ಅನುಕೂಲ.

ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ, ಒಂದು ಸಲ ಮಾತು ಬಿಟ್ಟು ಸುಮ್ಮನಾಗುತ್ತಿದ್ದೆ. ಲಕ್ಷ್ಮೇಶ್ವರದ ಪೇಟೆಯಲ್ಲಿ ನಮ್ಮದು ಕಾಳುಕಡಿಯ ದಲಾಲಿ ಅಂಗಡಿ. ಅಪ್ಪನ ಗಾದಿಯ ಮೇಲೆ ಈಗ ಅವನು ಕೂಡುತ್ತಾನೆ. ಒಂದು ಗಾಡಿ ಕಳಿಸುವಲ್ಲಿ ಎರಡು ಕಳಿಸುವುದು ಅವನಿಗೆ ಆಗಿಬರುವುದಿಲ್ಲ, ಕಾಳಿನ ವಿಷಯದಲ್ಲಿ ಹೇಗೋ ಸಂಬಂಧಿಕರ ವಿಷಯದಲ್ಲೂ ಹಾಗೆಯೇ. ಅಪ್ಪನ ದಿನ ಹೇಗಿದ್ದರೂ ನೆಂಟರೆಲ್ಲ ಬಂದಿರುತ್ತಾರೆ, ಅಡುಗೆಯವರು ಒಲೆ ಹೂಡಿರುತ್ತಾರೆ, ಸ್ವಾಮಿಗಳು ಬಂದು ಪಾದಪೂಜೆ ಆಗಿರುತ್ತದೆ. ಅದಕ್ಕೆ ಮನೆಯಲ್ಲಿ ಏನೇ ಆಗುವುದಿದ್ದರೂ ಅದೇ ದಿನ ಆಗಬೇಕು. ಅವ್ವ ಅಪ್ಪನಿಗಿಂತ ಮೊದಲೇ ಮಳೆಗಾಲದಲ್ಲಿ ಹೋದವಳು. ಮೂರನೆಯ ವರ್ಷಕ್ಕೆ ಅವಳ ದಿನವನ್ನೂ ಅಲ್ಲಿಗೇ ತಂದು ಸೇರಿಸಿದ. ಇಬ್ಬರನ್ನೂ ಜೋಡಿಯಲ್ಲಿ ನೆನೆದರೆ ಅವರಿಗೂ ಸಮಾಧಾನ ಅಂತೆ. ಆಮೇಲೆ ಅವನ ಮಗನ ಮೊದಲ ಕೂದಲು ತೆಗೆಸುವ ಜವಳ ಅದೇ ದಿನ. ಹೊಸ ಗೋದಾಮಿನ ಪೂಜೆ ಅದೇ ದಿನ. ಹೊಲದಲ್ಲಿ ಬೋರ್ ಕೊರೆಸಿದ್ದು ಅದೇ ದಿನ, ಹುಗ್ಗಿ ಉಂಡ ನೆಂಟರೆಲ್ಲ ಗಾಡಿ ಹತ್ತಿ ನೀರು ಬೀಳುವುದನ್ನು ನೋಡಲು ಹೋಗಿದ್ದರು.

ಅವನ ಮಗಳ ನಿಶ್ಚಯವನ್ನೂ ಅದೇ ದಿನ ಇಟ್ಟಾಗ ನನಗೆ ತಡೆಯಲಾಗಲಿಲ್ಲ. ಪಡಸಾಲೆಯ ಒಂದು ಗೋಡೆಗೆ ಅಪ್ಪ ಅವ್ವನ ಫೋಟೋ, ಊದುಬತ್ತಿ. ಎದುರು ಗೋಡೆಗೆ ಗಂಡಿನ ಕಡೆಯವರ ಹಣ್ಣು ಸೀರೆಯ ಹರಿವಾಣಗಳು. ಒಳಗೆ ಬಂದವರಿಗೆ ಮೊದಲು ಯಾವ ಕಡೆ ತಿರುಗಬೇಕು, ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ತಿಳಿಯದು. ಗಂಡಿನ ಅಜ್ಜಿಯೊಬ್ಬರು ಫೋಟೋದ ಮುಂದೆ ಕೂತು ಕಣ್ಣೊರೆಸಿಕೊಂಡು, ನಂತರ ಗಡಿಬಿಡಿಯಿಂದ ಎದ್ದು ಹುಡುಗಿಗೆ ಹೂ ಮುಡಿಸಿದರು. ಅಣ್ಣ ಮಾತ್ರ ಬಹಳ ಖುಷಿಯಲ್ಲಿದ್ದ. “ನೋಡಿದೇನ, ಒಂದರಾಗ ಎರಡು ಆಗಿಹೋತು” ಅಂದ. ಎರಡಲ್ಲ, ಮೂರು ಅಂತ ನಾನು ಹೇಳಲಿಲ್ಲ.

ಊಟದ ಹೊತ್ತಿಗೆ ಮಾತ್ರ ವೈನಿಗೆ ನೆನಪಾಗುತ್ತದೆ. ವೈನಿ ಎಂದರೆ ಅಣ್ಣನ ಹೆಂಡತಿ, ಒಳ್ಳೆಯ ಹೆಣ್ಣುಮಗಳು. ಹುಗ್ಗಿಯ ಬಕೆಟ್ಟು ಹಿಡಿದು ನನ್ನ ಎಲೆಯ ಮುಂದೆ ಬಂದಾಗ ಪ್ರತಿ ವರ್ಷ ಅದೇ ಮಾತು: “ನಿಮ್ಮ ಹುಟ್ಟಿದ ದಿನಾನೂ ಅಲ್ಲೇನ್ರಿ ಇವತ್ತ? ಇನ್ನೊಂದು ಸೌಟು ಹಾಕಿಸ್ಕೋರಿ.” ಪಕ್ಕದವರು ‘ಹೌದೇನ್ರಿ’ ಅನ್ನುತ್ತಾರೆ, ನಾನು ಹೌದು ಅನ್ನುತ್ತೇನೆ, ಮೇಲೆ ತುಪ್ಪ ಬೀಳುತ್ತದೆ. ವರ್ಷದಲ್ಲಿ ನನಗೆಂದೇ ಸಲ್ಲುವುದು ಆ ಒಂದು ಸೌಟು ಹುಗ್ಗಿ.

ನಾನು ಶಾಲೆಯಲ್ಲಿ ಕಲಿಸಿದವಳು. ಮೊದಲು ಮುಂಡರಗಿಯಲ್ಲಿ, ಆಮೇಲೆ ಶಿರಹಟ್ಟಿಯಲ್ಲಿ, ಕೊನೆಗೆ ಬೆಟಗೇರಿಯಲ್ಲಿ ನಿವೃತ್ತಿ. ಹೋದಲ್ಲೆಲ್ಲ ಪ್ರಾರ್ಥನೆಗೆ ಮೊದಲು ಕರಿಹಲಗೆಯ ಮೇಲೆ ‘ದಿನ ವಿಶೇಷ’ ಬರೆಯುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು, ಅಕ್ಷರ ದುಂಡಗಿತ್ತು ನೋಡಿ. ಈ ದಿನ ಇಂಥವರು ಹುಟ್ಟಿದರು, ಇಂಥವರು ತೀರಿಕೊಂಡರು, ಇಂಥಲ್ಲಿ ಇಂಥದು ನಡೆಯಿತು. ಶಿರಹಟ್ಟಿಯಲ್ಲಿ ಒಮ್ಮೆ ಐದನೆಯ ತರಗತಿಯ ಹುಡುಗಿಯೊಬ್ಬಳು ಹಲಗೆ ಓದಿ ಮುಗಿಸಿ ಕೇಳಿದಳು, “ಅಕ್ಕೋರ, ಒಬ್ಬರು ಹುಟ್ಯಾರ, ಒಬ್ಬರು ಸತ್ತಾರ. ಇವತ್ತ ನಾವು ಖುಷಿ ಪಡಬೇಕೋ ಏನು ದುಃಖ ಪಡಬೇಕೋ?” ಮೊದಲು ಪ್ರಾರ್ಥನೆ ಹೇಳು ಎಂದು ಗದರಿಸಿದೆ. ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ಏನು ಹೇಳಲಿ? ಆ ಹಲಗೆಯಾದರೂ ಪುಣ್ಯವಂತ ಹಲಗೆ, ಮರುದಿನ ಒದ್ದೆ ಬಟ್ಟೆ ತಗೊಂಡು ಒರೆಸುತ್ತಿದ್ದೆವು.

ಹುಟ್ಟುಹಬ್ಬ ಹೋಯಿತಲ್ಲ ಎಂದು ಇಷ್ಟು ವಯಸ್ಸಾದವಳು ಅಳುತ್ತಾಳೆ ಅಂದುಕೊಳ್ಳಬೇಡಿ. ಕೇಕಿನ ಆಸೆ ನನಗೆ ಯಾವ ಕಾಲಕ್ಕೂ ಇರಲಿಲ್ಲ. ನನಗಿದ್ದದ್ದು ಬೇಸನ್ ಉಂಡಿಯ ಆಸೆ.

ನಾನು ಹುಟ್ಟಿದ ದಿನವನ್ನು ನೆನಪಿಟ್ಟವನು ಮನೆಯಲ್ಲಿ ಅಪ್ಪ ಒಬ್ಬನೇ. ಚಿಕ್ಕವಳಿದ್ದಾಗ ಆ ದಿನ ಸಂಜೆ ಅಂಗಡಿಯಿಂದ ಬರುವಾಗ ಪೇಟೆಯ ಮಿಠಾಯಿ ಅಂಗಡಿಯಿಂದ ಉಂಡಿ ಕಟ್ಟಿಸಿಕೊಂಡು ಬರುತ್ತಿದ್ದ. ಹಳೆಯ ಪೇಪರಿನ ಪುಡಿಕೆ, ಮೇಲೆ ಬಿಳಿ ದಾರ. ಮದುವೆಯಾಗಿ ಮುಂಡರಗಿಗೆ ಹೋದ ಮೇಲೂ ನಿಲ್ಲಿಸಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಪುಡಿಕೆ ಕೊಡುತ್ತಿದ್ದ, ಅದು ಶಿರಹಟ್ಟಿಯಲ್ಲಿ ಇನ್ನೊಂದು ಬಸ್ಸಿಗೆ ದಾಟಿ, ಮುಂಡರಗಿ ಸ್ಟ್ಯಾಂಡಿನ ಪಾನ್ ಅಂಗಡಿಗೆ ಬಂದು ಕೂಡುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ತರುತ್ತಿದ್ದೆ. ತಳದ ಉಂಡಿಗಳು ಪುಡಿಯಾಗಿರುತ್ತಿದ್ದವು. ಆ ಪುಡಿಯೇ ನನಗೆ ಹೆಚ್ಚು ಸೇರುತ್ತಿತ್ತು.

ಅಪ್ಪ ತೀರಿಕೊಂಡ ವರ್ಷವೂ ಹೋಗಿ ಪುಡಿಕೆ ತೆಗೆದುಕೊಂಡು ಬಂದೆ. ಮಗಳು ಆಗಿನ್ನೂ ಅಂಗನವಾಡಿಗೆ ಹೋಗುವ ಕೂಸು. ಸಂಜೆ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಒಬ್ಬರ ಬಾಯಿಗೊಬ್ಬರು ಪುಡಿ ಹಾಕುತ್ತ ನಕ್ಕು ನಕ್ಕು ಸಾಕಾದೆವು. ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಫೋನು ಬಂತು. ಅಪ್ಪ ಹೋಗಿದ್ದ. ‘ರಾತ್ರಿ ಹೋದರಂತ’ ಎಂದಷ್ಟೇ ಹೇಳಿದರು. ನಾನು ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಅಪ್ಪನನ್ನು ಪಡಸಾಲೆಯಲ್ಲಿ ಕೂಡಿಸಿಯಾಗಿತ್ತು, ವಿಭೂತಿ ಹಚ್ಚಿಯಾಗಿತ್ತು, ಭಜನೆ ನಡೆದಿತ್ತು. ಎಷ್ಟು ಹೊತ್ತಿಗೆ ಹೋದ ಎಂದು ನಾನು ಕೇಳಲಿಲ್ಲ. ನಾವು ಉಂಡಿ ತಿಂದು ನಗುತ್ತಿದ್ದ ಹೊತ್ತಿಗೇ ಅಂತ ಯಾರಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆ. ಅಣ್ಣ ಎಲ್ಲರ ಮುಂದೆ ನನ್ನ ಹುಟ್ಟಿದ ತಾರೀಖನ್ನೇ ಅಪ್ಪನ ತಾರೀಖೆಂದು ಹೇಳಿದ, ಫೋಟೋದ ಕೆಳಗೆ ಅದನ್ನೇ ಬರೆಸಿದ. ನಾನು ಅದನ್ನೇ ನಂಬಿದೆ. ಅಂದಿನಿಂದ ಬೇಸನ್ ಉಂಡಿಯನ್ನು ಬಾಯಿಗೆ ಹಾಕಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು, ನಾನೂ ಹಲ್ಲು ಕಚ್ಚಿಕೊಂಡು ಹುಗ್ಗಿ ಉಂಡು ಬರುತ್ತಿದ್ದೆ. ಆದರೆ ಹೋದ ವರ್ಷ ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ಶಿರಹಟ್ಟಿಯಿಂದ ಬೆಟಗೇರಿಯ ನಮ್ಮ ಮನೆಗೆ ಬಂದಳು. ಅಳಿಯನದು ಶಿರಹಟ್ಟಿಯಲ್ಲಿ ಔಷಧಿ ಅಂಗಡಿ. ಗದಗಿನ ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ, ಕೂಸು ಸ್ವಲ್ಪ ಅಡ್ಡ ಇದೆ, ತಿರುಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್ ಮಾಡೋಣ ಅಂದರು. ಯಾವಾಗ ಅಂದದ್ದಕ್ಕೆ, ದಿನ ತುಂಬುತ್ತ ಬಂದಿವೆ, ತುಂಬುವ ವಾರದಲ್ಲಿ ಯಾವ ದಿನವಾದರೂ ಆದೀತು, ನಿಮ್ಮ ಮನೆಯಲ್ಲಿ ಒಳ್ಳೆಯ ದಿನ ನೋಡುವುದಿದ್ದರೆ ನೋಡಿಕೊಂಡು ಹೇಳಿ ಅಂದರು. ಆ ವಾರದ ನಡುವೆ ಅಪ್ಪನ ದಿನ ಕೂತಿತ್ತು.

ಅಣ್ಣನಿಗೆ ಈ ಸುದ್ದಿ ಹೇಗೆ ಮುಟ್ಟಿತೋ, ಮರುದಿನವೇ ಗಾಡಿ ಹೊಡೆದುಕೊಂಡು ಬಂದ. ಚಹಾ ಕುಡಿಯುವ ಮೊದಲೇ ಮಾತು ಶುರು ಮಾಡಿದ.

“ಹೆಂಗೂ ಆಪರೇಷನ್ ಅಂತ. ಅಪ್ಪನ ದಿನಕ್ಕ ಮಾಡಿಸಿಬಿಡ್ರಿ. ಅಪ್ಪನ ತಿರುಗಿ ಬಂದಂಗ ಆಕ್ಕೈತಿ.”

“ಆಗೂದಿಲ್ಲ” ಅಂದೆ.

“ಯಾಕ ಆಗೂದಿಲ್ಲ? ಡಾಕ್ಟರು ಯಾವ ದಿನಾ ಆದ್ರೂ ನಡಿತೈತಿ ಅಂದಾರಂತ.”

“ಅದಕ್ಕ ಆಗೂದಿಲ್ಲ ಅನ್ನಾಕತ್ತೀನಿ. ಬ್ಯಾರೆ ಇಷ್ಟು ದಿನ ಅದಾವು. ಅದೊಂದು ದಿನಾನ ಯಾಕ ಬೇಕು ನಿನಗ?”

ಅಣ್ಣನಿಗೆ ನಿಜವಾಗಿ ಅರ್ಥವಾಗಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಪ್ಪನ ಮೇಲೆ ನನಗೆ ಪ್ರೀತಿ ಕಡಿಮೆ ಎಂದು ತಿಳಿದುಕೊಂಡ. “ಅಪ್ಪ ನಿನ್ನ ಎಷ್ಟು ಅಕ್ಕರತಿಯಿಂದ ಸಾಕಿದ್ದ” ಎಂದು ಶುರು ಮಾಡಿದ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಅಂದು ಹೊರಗೆ ಹಾಕಿದೆ. ನನ್ನ ದಿನವನ್ನಂತೂ ನುಂಗಿ ನೀರು ಕುಡಿದಿರಿ, ಈ ಕೂಸಿನದನ್ನಾದರೂ ಬಿಡಿ. ಅದು ದೊಡ್ಡದಾಗಿ ಹೊಸ ಅಂಗಿ ತೊಟ್ಟು ನಿಂತಾಗ ಅದರ ಮುಂದೆ ಊದುಬತ್ತಿ ಹಚ್ಚಿದ ಫೋಟೋ ಇರಬಾರದು. ಅದಕ್ಕೆ ಯಾರೂ ಎರಡನೆಯ ಸೌಟು ಹುಗ್ಗಿ ಬಡಿಸಿ ಕೈ ತೊಳೆದುಕೊಳ್ಳಬಾರದು. ಅಣ್ಣ ಚಹಾದ ಕಪ್ಪು ಕೈಯಲ್ಲಿ ಹಿಡಿದು ಕೇಳುತ್ತಿದ್ದ. ಎಲ್ಲ ಮುಗಿದ ಮೇಲೆ ಮೆಲ್ಲಗೆ, “ಹುಗ್ಗಿ ನಿನಗ ಸೇರೂದಿಲ್ಲ ಅಂತ ಮೊದಲ ಹೇಳಬಾರದಾಗಿತ್ತೇನು?” ಅಂದ.

ಇವನಿಗೆ ಏನು ಹೇಳುವುದು? ಗೋಡೆಗೆ ತಲೆ ಚಚ್ಚಿಕೊಂಡರೂ ಗೋಡೆಗೆ ನೋವಾಗುವುದಿಲ್ಲ.

ಡಾಕ್ಟರ ಹತ್ತಿರ ಹೋಗಿ, ಆಪರೇಷನ್ ಮಾಡುವುದೇ ಆದರೆ ಆ ತಾರೀಖು ಕಳೆದು ಎರಡು ದಿನಕ್ಕೆ ಮಾಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಮಗಳೂ ಒಪ್ಪಿದಳು. “ನಿನ್ನ ಹಟಾನ ನೋಡಿ ಕೂಸ ಹೆದರಿ ತಿರುಗತೈತಿ ನೋಡ” ಎಂದು ನಕ್ಕಳು. ಅದೇ ಆಯಿತು. ಮುಂದಿನ ಸಲ ನೋಡಿದಾಗ ಕೂಸು ತಿರುಗಿತ್ತು, ಆಪರೇಷನ್ ಬೇಡ, ಕಾಯೋಣ ಅಂದರು. ಕಾಯುವುದು ಅಂದರೆ ಇನ್ನು ದಿನ ಆರಿಸುವುದು ನಮ್ಮ ಕೈಯಲ್ಲಿ ಇಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಅಪ್ಪನ ದಿನ ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಲಕ್ಷ್ಮೇಶ್ವರಕ್ಕೆ ಹೋಗಲಿಲ್ಲ. ಮಗಳ ನೆಪ ಇತ್ತು, ಸಿಟ್ಟೂ ಇತ್ತು. ನಮ್ಮ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ದಿನವನ್ನೂ ಅಪ್ಪನ ದಿನಕ್ಕೆ ಸೇರಿಸೋಣವೇ ಎಂದು ಅಣ್ಣ ಒಮ್ಮೆ ಕೇಳಿದ್ದ, ನಾನು ಗುಡುಗಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ಹಾಗಾಗಿ ಮನೆಯಲ್ಲಿ ನಾನು ಮತ್ತು ಮಗಳು, ಇಬ್ಬರೇ. ಮಧ್ಯಾಹ್ನ ಉಂಡು, ಅಂಗಳದಲ್ಲಿ ಬಿಸಿಲಿಗೆ ಕೂತು ಅವಳ ತಲೆ ಬಾಚುತ್ತಿದ್ದೆ. ಅವಳು ಒಮ್ಮೆಲೆ ನನ್ನ ಮೊಣಕಾಲು ಹಿಡಿದಳು.

“ಅವ್ವಾ, ನೋವು ಶುರು ಆತು.”

ಹೆತ್ತ ತಾಯಿಯಾಗಿ ಮೊದಲು ಏನು ಹೇಳಬೇಕಿತ್ತೋ ಅದನ್ನು ನಾನು ಹೇಳಲಿಲ್ಲ. “ಇವತ್ತ ಬ್ಯಾಡವಾ” ಅಂದೆ.

ಗದಗಿನ ದವಾಖಾನೆಗೆ ಆಟೋದಲ್ಲಿ ಹೋದೆವು. ಅಳಿಯ ಅಂಗಡಿ ಮುಚ್ಚಿ ಶಿರಹಟ್ಟಿಯಿಂದ ಹೊರಟ. ಸುದ್ದಿ ಲಕ್ಷ್ಮೇಶ್ವರಕ್ಕೂ ಹೋಯಿತು. ಅಲ್ಲಿ ಆಗ ಪಂಕ್ತಿ ನಡೆದಿತ್ತಂತೆ, ಅಣ್ಣ ಎಲ್ಲರ ಮುಂದೆ ನಿಂತು ‘ಅಪ್ಪ ಹೊಂಟಾನ’ ಎಂದು ಹೇಳಿದನಂತೆ. ಸಂಜೆಯಿಂದ ಅವನ ಫೋನುಗಳು ಶುರುವಾದವು. “ಆತೇನು?” ಇನ್ನೂ ಇಲ್ಲ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ, “ಆತೇನು?” ಕೊನೆಗೆ ಫೋನನ್ನು ಅಳಿಯನ ಕೈಗೆ ಕೊಟ್ಟುಬಿಟ್ಟೆ.

ಹೆರಿಗೆ ಕೋಣೆಯ ಹೊರಗಿನ ಗೋಡೆಯ ಮೇಲೆ ಒಂದು ಗಡಿಯಾರ ಇತ್ತು. ಒಳಗೆ ನನ್ನ ಮಗಳು ನರಳುತ್ತಿದ್ದಳು. ಪ್ರತಿ ಸಲ ಅವಳ ದನಿ ಕೇಳಿದಾಗ ಬೇಗ ಬಿಡುಗಡೆಯಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ, ಕಣ್ಣು ಗಡಿಯಾರದ ಮೇಲೆ ಹೋದಾಗ ಹನ್ನೆರಡು ದಾಟಲಿ ಎಂದು ಬೇಡಿಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಎಂಥ ತಾಯಿ ಮಗಳ ನೋವು ಇನ್ನಷ್ಟು ಹೊತ್ತು ಇರಲಿ ಅನ್ನುತ್ತಾಳೆ? ಇದಕ್ಕೂ ಅಣ್ಣನನ್ನೇ ಬೈದೆ. ಹನ್ನೆರಡು ದಾಟಿತು. ನಾನು ಎದ್ದು ಕೊಳಾಯಿಯಲ್ಲಿ ಮುಖ ತೊಳೆದುಕೊಂಡು ಬಂದೆ. ಅಲ್ಲಿಂದ ಮುಂದೆ ನನ್ನ ಪ್ರಾರ್ಥನೆ ಒಂದೇ ಆಯಿತು.

ಬೀದಿಯಲ್ಲಿ ಹಾಲಿನ ಗಾಡಿಗಳ ಸದ್ದು ಶುರುವಾಗಿತ್ತು, ಆಕಾಶ ಇನ್ನೂ ಕಪ್ಪಗಿತ್ತು. ಆಗ ಕೂಸು ಅತ್ತಿತು. ಹೆಣ್ಣು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಳು. ಎಲ್ಲರೂ ಯಾರ ಹೋಲಿಕೆ ಎಂದು ನೋಡುತ್ತಾರೆ, ನಾನು ಕೇಳಿದ್ದು, “ತಾರೀಖು ಯಾವುದು ಬರದ್ರಿ?” ಅವಳು ಹೇಳಿದಳು. ಅಪ್ಪನ ದಿನದ ಮರುದಿನ. ನನಗೆ ಅಳು ಬಂತು, ಅವಳು ಅದನ್ನು ಸಂತೋಷದ ಅಳು ಅಂದುಕೊಂಡಳು. ಸಂತೋಷದ್ದೇ. ಗೆದ್ದ ಸಂತೋಷವೂ ಅದರಲ್ಲಿ ಇತ್ತು.

ಬಿಸಿಲು ಬೀಳುವ ಹೊತ್ತಿಗೆ ಅಣ್ಣ ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಹಿಂದಿನ ದಿನದ ಹುಗ್ಗಿ. ಕೂಸನ್ನು ನೋಡಿದ. “ಅಪ್ಪ ಹೆಣ್ಣಾಗಿ ಬಂದಾನ. ಬರ್ಲಿ, ಅದರಾಗೇನೈತಿ” ಎಂದು ಅದರ ಅಂಗಾಲನ್ನು ಕಣ್ಣಿಗೊತ್ತಿಕೊಂಡ. ಆ ಕ್ಷಣಕ್ಕೆ ಅವನ ಮೇಲೆ ಪ್ರೀತಿ ಬಂತು. ಆದರೂ ನಾನು ಸುಮ್ಮನಿರಲಿಲ್ಲ. ಅವನನ್ನು ಹೊರಗಿನ ವರಾಂಡಕ್ಕೆ ಕರೆದುಕೊಂಡು ಹೋದೆ.

“ಅಣ್ಣಾ, ಕೂಸು ಅಪ್ಪನ ದಿನಕ್ಕ ಬಂದಿಲ್ಲ. ಹನ್ನೆರಡು ದಾಟಿದ ಮ್ಯಾಲೆ ಹುಟ್ಟೈತಿ. ಮರುದಿನ.”

ಅಣ್ಣ ಬೆಂಚಿನ ಮೇಲೆ ಡಬ್ಬಿ ಇಟ್ಟು ಆರಾಮಾಗಿ ಕೂತ. “ಹೊತ್ತು ಹುಟ್ಟಿತ್ತೇನು?”

“ಇನ್ನ ಕತ್ತಲಿ ಇತ್ತು. ಆದರ ಹನ್ನೆರಡು ದಾಟಿದ್ರ ತಾರೀಖು...”

“ಹನ್ನೆರಡಕ್ಕ ಏನೈತಿ ತಂಗಿ? ಹೊತ್ತು ಹುಟ್ಟೂತನಕ ಹಿಂದಿನ ದಿನಾನ. ಮೊದಲಿನಿಂದ ನಮ್ಮದು ಅದ ಲೆಕ್ಕ. ಅಪ್ಪನೂ ಇದ ಹೊತ್ತಿಗೆ ಹೋಗಿದ್ದು. ಕೋಳಿ ಕೂಗಿತ್ತು, ಬೆಳಗ ಹರಿದಿರ್ಲಿಲ್ಲ. ನಾವೇನು ಅದನ್ನ ಮರುದಿನಕ್ಕ ಹಾಕಿದ್ವೇನು?”

ಅವನು ಏನು ಹೇಳಿದನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೋಳಿ ಕೂಗುವ ಹೊತ್ತು ಎಂದರೆ ಗಡಿಯಾರದ ಲೆಕ್ಕದಲ್ಲಿ ನನ್ನ ಹುಟ್ಟಿದ ದಿನ ಮುಗಿದುಹೋಗಿತ್ತು. ನನ್ನ ದಿನದಂದು ಅಪ್ಪ ಸತ್ತೇ ಇರಲಿಲ್ಲ.

“ಸಂಜೀಮುಂದ ಆರಾಮ ಇದ್ದನೇನು?” ಎಂದು ಕೇಳಿದೆ. ಆ ಪ್ರಶ್ನೆಯನ್ನು ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

“ಏನೂ ಆಗಿರ್ಲಿಲ್ಲ. ಅಂಗಡಿ ಕೀಲಿ ಹಾಕ್ಕೊಂಡು ಬಂದ, ರೊಟ್ಟಿ ಉಂಡ, ಪುಂಡಿಪಲ್ಯ ಎರಡು ಸಲ ಹಾಕಿಸ್ಕೊಂಡ. ಮಲಗೂ ಮುಂದ ನನ್ನ ಕೇಳಿದ, ನಿನ್ನ ತಂಗಿಗೆ ಪುಡಿಕಿ ಮುಟ್ಟಿರಬೇಕಲ್ಲೋ ಅಂತ. ಮುಟ್ಟಿರತೈತಿ ಬಿಡಪಾ ಅಂದೆ. ಮಲಕ್ಕೊಂಡ. ಬೆಳಗಿನ ಜಾವಕ್ಕ ಎದಿ ಹಿಡದಂಗಾತು ಅಂದ, ಅಷ್ಟ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲಲ್ಲ.”

ಅವನನ್ನು ಹೊಡೆಯಬೇಕೆನಿಸಿತು. ಉಂಡಿ ತಿಂದು ನಗುತ್ತಿದ್ದ ಆ ಸಂಜೆ ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ಯಾರದೋ ಕಡಲೆಯ ಮಾದರಿ ನೋಡುತ್ತಿದ್ದ. ನಾನು ಮಗಳನ್ನು ಮಲಗಿಸುವ ಹೊತ್ತಿಗೆ ಅವನು ನನ್ನ ಪುಡಿಕೆಯ ಚಿಂತೆ ಮಾಡುತ್ತಿದ್ದ. ಈ ಒಂದು ಮಾತನ್ನು ಇವನು ಅಂದೇ ಹೇಳಿದ್ದರೆ, ಅಥವಾ ನಾನು ಕೇಳಿದ್ದರೆ, ಇಷ್ಟು ವರ್ಷ ಮಿಠಾಯಿ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆಯುವ ಕಾರಣ ಇರಲಿಲ್ಲ. ಇವನು ಬೋರು, ಗೋದಾಮು, ಅಡುಗೆಯವರು ಎಂದು ಓಡಾಡುತ್ತಿದ್ದ, ಅಪ್ಪನ ದಿನದಲ್ಲಿ ಅಪ್ಪನ ಬಗ್ಗೆ ಮಾತಾಡಲು ಪುರುಸೊತ್ತು ಯಾರಿಗಿತ್ತು?

ಅಣ್ಣ ನನ್ನ ಮುಖ ನೋಡಿದ. ಅಂದಿನ ಜಗಳ ಅವನ ತಲೆಯಲ್ಲಿ ಸ್ವಲ್ಪವಾದರೂ ಉಳಿದಿತ್ತೆಂದು ಕಾಣುತ್ತದೆ. ಮೆತ್ತಗೆ ಹೇಳಿದ, “ನೋಡು ತಂಗಿ, ನೀ ಸಾಲಿ ಕಲಿಸಿದಾಕಿ. ಗಡಿಯಾರದ ಲೆಕ್ಕಾನ ಖರೆ ಅಂತಿ ಅಂದ್ರ ಖರೆ. ಕೂಸಿಗೆ ಒಂದು, ಅಪ್ಪಗ ಒಂದು ಲೆಕ್ಕ ಹಾಕಾಕ ಬರೂದಿಲ್ಲ. ಬರೂ ವರ್ಷದಿಂದ ಅಪ್ಪನ ದಿನಾನೂ ಒಂದು ದಿನ ಮುಂದಕ್ಕ ತಗೊಂಡಬಿಡ್ತೀನಿ. ಫೋಟೋದ್ದೂ ತಿದ್ದಿಸ್ತೀನಿ. ನಿನ್ನ ದಿನ ನಿನಗ ಬಿಟ್ಟಂಗೂ ಆತು.”

ಇಪ್ಪತ್ತು ವರ್ಷ ನಾನು ಮನಸ್ಸಿನಲ್ಲೇ ಬಯಸುತ್ತಿದ್ದದ್ದನ್ನು ಅವನು ಹುಗ್ಗಿಯ ಡಬ್ಬಿಯ ಪಕ್ಕದಲ್ಲಿ ಕೂತು, ಯಾವ ತಕರಾರೂ ಇಲ್ಲದೆ ಕೊಟ್ಟುಬಿಟ್ಟ. ಹೂಂ ಅಂದರೆ ಸಾಕು, ನನ್ನ ದಿನ ನನ್ನದು. ಆದರೆ ಒಂದು ದಿನ ಮುಂದಕ್ಕೆ ಎಂದರೆ ಯಾವ ದಿನ? ಒಳಗೆ ಬಿಳಿ ಬಟ್ಟೆಯಲ್ಲಿ ಮಲಗಿತ್ತಲ್ಲ, ಅದರ ದಿನ. ಗದ್ದಿಗೆ ಪೂಜೆ, ಊದುಬತ್ತಿ, ಪಂಕ್ತಿ, ಜವಳ, ನಿಶ್ಚಯ ಎಲ್ಲ ಗಂಟು ಕಟ್ಟಿಕೊಂಡು ಹೋಗಿ ಅದರ ತೊಟ್ಟಿಲಿನ ಮೇಲೆ ಬೀಳುತ್ತಿತ್ತು. ಹನ್ನೆರಡು ದಾಟಲಿ ಎಂದು ಮಗಳ ನೋವಿನ ನಡುವೆ ಬೇಡಿಕೊಂಡದ್ದು ಇದಕ್ಕೇ ಏನು?

“ಬ್ಯಾಡ ಅಣ್ಣಾ” ಅಂದೆ. “ನೀ ಅಂದದ್ದ ಖರೆ. ಹೊತ್ತು ಹುಟ್ಟಿದ ಮ್ಯಾಲೇನ ದಿನ. ಅಪ್ಪನ ದಿನ ಎಲ್ಲಿ ಐತಿ, ಅಲ್ಲೇ ಇರ್ಲಿ.”

“ಹಂಗಾರ ಕೂಸೂ ಅಪ್ಪನ ದಿನಕ್ಕ ಬಂತು ಅಂದಂಗಾತು.”

“ನಿನ್ನ ಲೆಕ್ಕದಾಗ ಬಂತು. ಆದರ ದವಾಖಾನಿಯವರು ಮರುದಿನದ ತಾರೀಖು ಬರದಾರ. ಮುಂದ ಸಾಲಿಗೆ ಹಾಕಾಕ ಅದ ಬೇಕು. ಆಕಿ ಹುಟ್ಟಿದ ದಿನಾ ಆಕಿ ಅವ್ವ ಅಪ್ಪ ಆ ತಾರೀಖಿಗೇನ ಮಾಡ್ಲಿ.”

“ಮಾಡ್ಲಿ ಬಿಡು, ಹುಡುಗರು ಅವು” ಅಂದ ಅಣ್ಣ. ಅವನಿಗೆ ಬಹಳ ಸಮಾಧಾನವಾಗಿತ್ತು. ವಾದದಲ್ಲಿ ತಂಗಿ ಸೋತದ್ದು ಅದೇ ಮೊದಲ ಸಲ. ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದ. “ನಿನ್ನಿ ನೀ ಬರಲಿಲ್ಲ. ನಿನ್ನ ಪಾಲಿಂದು ತಂದೀನಿ, ಎರಡು ಸೌಟು.”

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಉಂಡೆ. ಹಸಿವೆಯೂ ಆಗಿತ್ತು.

ಇದು ಹೋದ ವರ್ಷದ ಮಾತು. ಈ ವರ್ಷ ಅಪ್ಪನ ದಿನಕ್ಕೆ ನಾನು ಲಕ್ಷ್ಮೇಶ್ವರಕ್ಕೆ ಹೋದೆ. ಗದ್ದಿಗೆ ಪೂಜೆಯ ಜೊತೆಗೆ ಅಣ್ಣನ ಮಗನಿಗೆ ಹೆಣ್ಣು ಕೊಡಲು ಬಂದವರ ಮಾತುಕತೆಯೂ ಅದೇ ದಿನ ಇತ್ತು. ವೈನಿ ಇನ್ನೊಂದು ಸೌಟು ಹಾಕಿದರು. ನನಗೆ ಸಿಟ್ಟು ಬಂತು, ಮೊದಲಿಗಿಂತ ಹೆಚ್ಚೇ ಬಂತು. ಮೊದಲು ಆ ದಿನವನ್ನು ನನ್ನ ಕೈಯಿಂದ ಕಸಿದುಕೊಂಡಿದ್ದರು, ಈಗ ನಾನೇ ಕೊಟ್ಟಿದ್ದೆ. ಕೊಟ್ಟೆ ಎಂದು ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಅಣ್ಣ ಮರುಗಿ ತಾರೀಖು ಬದಲಿಸಿಯೇ ಬಿಡುತ್ತಾನೆ. ಊಟವಾದ ಮೇಲೆ ಯಾರಿಗೂ ಹೇಳದೆ ಪೇಟೆಗೆ ನಡೆದುಕೊಂಡು ಹೋದೆ. ಆ ಮಿಠಾಯಿ ಅಂಗಡಿ ಈಗ ಗಾಜಿನ ಕಪಾಟು, ರಟ್ಟಿನ ಡಬ್ಬಿ ಎಂದೆಲ್ಲ ಬದಲಾಗಿದೆ. ಕಾಲು ಕಿಲೋ ಬೇಸನ್ ಉಂಡಿ ಪೇಪರಿನಲ್ಲಿ ಕಟ್ಟಿಕೊಡಿ ಎಂದು ಕೇಳಿದೆ. ಬಸ್ಸಿನಲ್ಲಿ ಕೂತು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ತುಪ್ಪ ಮೊದಲಿನಷ್ಟು ಇರಲಿಲ್ಲ. ಬೆಟಗೇರಿ ಬರುವವರೆಗೆ ತಿನ್ನುತ್ತಲೇ ಇದ್ದೆ.

ಮರುದಿನ ನಮ್ಮ ಮನೆಯಲ್ಲಿ ಮೊಮ್ಮಗಳ ಮೊದಲ ಹುಟ್ಟುಹಬ್ಬ. ಗೋಡೆಗೆ ಬಲೂನು, ಮೇಜಿನ ಮೇಲೆ ಕೇಕು, ಯಾವ ಫೋಟೋದ ಮುಂದೆಯೂ ಊದುಬತ್ತಿ ಇಲ್ಲ. ಅಣ್ಣ ವೈನಿ ಬೆಳಿಗ್ಗೆಯೇ ಬಂದಿದ್ದರು. ಮೊಮ್ಮಗಳು ಅಣ್ಣನ ತೊಡೆಯ ಮೇಲೆ ಕೂತು ಅವನ ಟೋಪಿ ಎಳೆಯುತ್ತಿದ್ದಳು. ಕೇಕು ಕತ್ತರಿಸಿಯಾದ ಮೇಲೆ ಮಗಳು ಒಂದೊಂದೇ ತುಂಡು ತಟ್ಟೆಗೆ ಹಾಕುತ್ತ, ನನ್ನ ಕಡೆ ನೋಡದೆಯೇ ಅಂದಳು:

“ಪುಣ್ಯಾಕ ಹನ್ನೆರಡು ದಾಟಿ ಹುಟ್ಟಿದ್ಲವಾ. ಇಲ್ಲಂದ್ರ ಇಕಿ ದಿನಾನೂ ನಿಂದರಂಗ ಆಗಿಹೋಗ್ತಿತ್ತು.”

“ಹೌದವಾ” ಅಂದೆ.

“ಹನ್ನೆರಡಕ್ಕ ಏನೈತಿ” ಎಂದು ಅಣ್ಣ ಬಾಯಿ ತೆರೆದ. ನನ್ನ ಕೈಯಲ್ಲಿದ್ದ ಕೇಕಿನ ತುಂಡನ್ನು ಅವನ ಬಾಯಿಗೆ ಇಟ್ಟೆ.